ಪೈಲಟ್ ಆಗಲಿರುವ ನನ್ನ ಮಗನಿಗೆ ಕಡಿಮೆ ಪ್ರೀಮಿಯಂನ ಜೀವವಿಮೆ ಸಿಗುತ್ತದೆಯೇ?

ಸಿಗುತ್ತದೆ. ಆದರೆ ಕಲಬುರಗಿಯಲ್ಲಿ ಈಗಷ್ಟೇ ವಿಮಾನ ಹಾರಿಸಲು ಕಲಿಯುತ್ತಿರುವ ನಿಮ್ಮ ಮಗನಿಗೆ ಏಜೆಂಟರು ಹೇಳಿದ ಮೊದಲ ದರಕ್ಕೇ ಒಪ್ಪಬೇಡಿ. ಬರೀ ಟರ್ಮ್ ಪಾಲಿಸಿ (ಅವಧಿಯೊಳಗೆ ಸತ್ತರಷ್ಟೇ ಹಣ ಕೊಡುವ ವಿಮೆ) ಸಾಕು. ಮೂರ್ನಾಲ್ಕು ಕಂಪನಿಗಳಲ್ಲಿ ವಿಚಾರಿಸಿ.

ಕಂಪನಿಗೆ ಮುಖ್ಯವಾಗುವುದು ಯಾವ ವಿಮಾನ, ಯಾವ ಕೆಲಸ, ವರ್ಷಕ್ಕೆ ಎಷ್ಟು ಗಂಟೆ ಹಾರಾಟ ಎಂಬುದು. ಏರ್‌ಲೈನ್‌ಗಳ ಪ್ರಯಾಣಿಕ ವಿಮಾನ ನಡೆಸುವವರಿಗೆ ಎಷ್ಟೋ ಸಲ ಮಾಮೂಲಿ ದರವೇ ಸಿಗುತ್ತದೆ. ತರಬೇತಿಯಲ್ಲಿರುವವರು, ಬೀದರ್ ವಾಯುನೆಲೆಯಲ್ಲಿ ವಾಯುಪಡೆಯ ತರಬೇತಿ ವಿಮಾನವಾದ ಹಾಕ್ ಜೆಟ್ ಹಾರಿಸುವಂಥವರು ಅಂದರೆ ಲೆಕ್ಕ ಬೇರೆ. ವಿಮಾ ಮೊತ್ತದ ಪ್ರತಿ ಸಾವಿರಕ್ಕೆ ಇಂತಿಷ್ಟು ಎಂದು ಹೆಚ್ಚುವರಿ ಹಾಕುವುದುಂಟು. ಸಾವಿರಕ್ಕೆ 2 ರೂಪಾಯಿ ಎಂದರೆ ಚಿಲ್ಲರೆ ಅನಿಸಬಹುದು, 1 ಕೋಟಿಯ ಪಾಲಿಸಿಗೆ ಅದೇ ವರ್ಷಕ್ಕೆ 20,000 ಆಗುತ್ತದೆ! ಈ ಹೆಚ್ಚುವರಿ ಎಲ್ಲ ಕಡೆ ಒಂದೇ ಇರುವುದಿಲ್ಲ, ಉಳಿತಾಯ ಇರುವುದೇ ಅಲ್ಲಿ.

ಅಪಘಾತ ರೈಡರ್ (ಹೆಚ್ಚಿಗೆ ದುಡ್ಡು ಕಟ್ಟಿ ಪಾಲಿಸಿಗೆ ಸೇರಿಸಿಕೊಳ್ಳುವ ಅಪಘಾತ ರಕ್ಷಣೆ) ಬಗ್ಗೆ ಹುಷಾರು. ವಿಮಾನ ಅಪಘಾತಕ್ಕೆ ಅದು ಸಾಮಾನ್ಯವಾಗಿ ಟಿಕೆಟ್ ಕೊಂಡು ಕೂತ ಪ್ರಯಾಣಿಕನಿಗಷ್ಟೇ ಅನ್ವಯ. ಪೈಲಟ್ ಅದಕ್ಕೆ ದುಡ್ಡು ಕಟ್ಟುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ದರ ಇಳಿಸಲು ಅರ್ಜಿಯಲ್ಲಿ ‘ವಿದ್ಯಾರ್ಥಿ’ ಎಂದಷ್ಟೇ ಬರೆಸುವ ಏಜೆಂಟರೂ ಇದ್ದಾರೆ. ಬೇಡ. ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಮೊದಲ 3 ವರ್ಷದೊಳಗೆ ಇಂಥ ಮುಚ್ಚುಮರೆ ಹೊರಬಿದ್ದರೆ ಕಂಪನಿ ಪಾಲಿಸಿಯನ್ನೇ ಪ್ರಶ್ನಿಸಬಹುದು. ಹಾರಾಟದ ವಿವರ ಪೂರ್ತಿ ಬರೆಯಿರಿ. ಪಾಲಿಸಿ ಕೈಗೆ ಬಂದ ಮೇಲೆ ವಿಮಾನ ಹಾರಾಟದಿಂದಾದ ಸಾವಿಗೆ ಹಣವಿಲ್ಲ ಎಂಬ ಷರತ್ತು ಇದೆಯೇ ನೋಡಿ. ಇದ್ದರೆ 30 ದಿನದೊಳಗೆ ಹಿಂತಿರುಗಿಸಬಹುದು. ಮುಂದೆ ಏರ್‌ಲೈನ್ ಸೇರಿದಾಗ ಹೆಚ್ಚುವರಿ ತೆಗೆಯುತ್ತಾರಾ ಎಂದು ಈಗಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ.