8 ಪ್ಲೈ ಟೈರ್ ಹಾಕಿಸಿದರೆ ಜಿಮ್ನಿ ಹೆಚ್ಚು ಭಾರ ಹೊರುತ್ತದೆಯೇ?

ಪ್ರಶ್ನೆ: ನನ್ನದು ಮಾರುತಿ ಜಿಮ್ನಿ, ಫೋರ್-ವೀಲ್ ಗಾಡಿ. ಮನೆಯಿಂದ ತೋಟಕ್ಕೆ ನಾಲ್ಕು ಕಿಲೋಮೀಟರ್, ಅದರಲ್ಲಿ ಮೂರು ಮುರಕಲ್ಲಿನ ಏರುದಾರಿ. ಕೆಲಸದವರು, ಗೊಬ್ಬರ, ಅಡಿಕೆಗೆ ಮದ್ದು ಬಿಡುವ ಪಂಪು ಎಲ್ಲ ಅದರಲ್ಲೇ ಹೋಗುವುದು. ಕಂಪನಿಯ ಟೈರ್ ಸವೆದಿದೆ. ಅಂಗಡಿಯವರು "ಇದು ಬರೀ ಕಾರಿನ ಟೈರ್, 8 ಪ್ಲೈ ಹಾಕಿಸಿ, ಎಷ್ಟು ಲೋಡ್ ಬೇಕಾದರೂ ಹೇರಬಹುದು" ಎನ್ನುತ್ತಾರೆ. ಹಾಕಿಸಲೇ?
– ಅಡಿಕೆ ಬೆಳೆಗಾರರು, ಹೆಬ್ರಿ

ಉತ್ತರ: 8 ಪ್ಲೈ ಬೇಡ. ನಿಮ್ಮ ಗಾಡಿಯ ಭಾರದ ಮಿತಿ ಇರುವುದು ಟೈರಿನಲ್ಲಲ್ಲ.

ಈಗಿರುವ ಟೈರಿನ ಪಕ್ಕ ಕೂತು ಓದಿ: 195/80 ಆರ್15 96ಎಸ್ ಎಂದಿರುತ್ತದೆ. 96 ಎಂಬುದು ಲೋಡ್ ಇಂಡೆಕ್ಸ್. ಒಂದು ಟೈರಿಗೆ 710 ಕೆಜಿ ಎಂದರ್ಥ. ಎಸ್ ಅಂದರೆ ಗಂಟೆಗೆ 180 ಕಿ.ಮೀ. ವೇಗದವರೆಗೆ. ನಾಲ್ಕೂ ಟೈರ್ ಸೇರಿ 2,840 ಕೆಜಿ ಆಯಿತು. ಗಾಡಿಯ ಒಟ್ಟು ತೂಕಕ್ಕೆ ಕಂಪನಿ ಕೊಟ್ಟ ಮಿತಿ 1,545 ಕೆಜಿ. ಖಾಲಿ ಗಾಡಿಯೇ ಸುಮಾರು 1,200 ಇರುವುದರಿಂದ ನಿಮಗೆ ಹೇರಲು ಉಳಿಯುವುದು 345 ಕೆಜಿ. ತಲಾ 70 ಕೆಜಿಯ ನಾಲ್ವರು ಕೂತರೆ 280 ಹೋಯಿತು. ಮೇಲೆ 45 ಕೆಜಿಯ ಒಂದು ಯೂರಿಯಾ ಚೀಲ ಇಟ್ಟರೆ ಇನ್ನು ಬಾಕಿ 20. ಪಂಪಿಗೇ ಅದು ಸಾಲದೆ ಹೋಗಬಹುದು. ರೂಫ್ ಕ್ಯಾರಿಯರ್, ಕಬ್ಬಿಣದ ಬಂಪರ್ ಹಾಕಿಸಿದ್ದರೆ ಅವುಗಳ ತೂಕವನ್ನೂ ಇದೇ ಲೆಕ್ಕದಲ್ಲಿ ಕಳೆಯಬೇಕು. ಇದರ ಮೇಲೆ ಹೇರಿದರೆ ಮೊದಲು ಸೋಲುವುದು ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಮತ್ತು ಘಾಟಿ ಇಳಿಯುವಾಗ ಬ್ರೇಕ್. 8 ಪ್ಲೈ ಟೈರ್ ಇವುಗಳಲ್ಲಿ ಒಂದನ್ನೂ ಗಟ್ಟಿ ಮಾಡುವುದಿಲ್ಲ.

ಆದರೂ ಅಂದಾಜಿನ ಮೇಲೆ ಹೋಗಬೇಡಿ, ತೂಗಿಸಿ. ತೋಟಕ್ಕೆ ಹೊರಡುವ ಹಾಗೆಯೇ ಜನ, ಸಾಮಾನು ತುಂಬಿಸಿ ವೇ ಬ್ರಿಡ್ಜ್‌ಗೆ ಒಯ್ಯಿರಿ. ಮೊದಲು ಮುಂದಿನ ಎರಡು ಚಕ್ರ ಮಾತ್ರ ಹತ್ತಿಸಿ ಚೀಟಿ ತೆಗೆದುಕೊಳ್ಳಿ, ಆಮೇಲೆ ಇಡೀ ಗಾಡಿ. ಎರಡರ ವ್ಯತ್ಯಾಸವೇ ಹಿಂದಿನ ಆಕ್ಸಲ್‌ನ ಭಾರ. ಅದು 860 ಕೆಜಿ ಬಂತು ಅಂದುಕೊಳ್ಳಿ. ಒಂದು ಚಕ್ರಕ್ಕೆ 430. ಎಡಬಲ ಸಮ ಇರುವುದಿಲ್ಲ, ಹತ್ತು ಶೇಕಡಾ ಸೇರಿಸಿ: 473. ಕಾರಿನ ಟೈರನ್ನು ಇಂಥ ಗಾಡಿಗೆ ಹಾಕುವಾಗ ಅಮೆರಿಕದಲ್ಲಿ ಟೈರಿನ ಸಾಮರ್ಥ್ಯವನ್ನು 1.1ರಿಂದ ಭಾಗಿಸುವ ಪದ್ಧತಿಯಿದೆ. ಹಾಗೆ ಮಾಡಿದರೂ 710 ಇಳಿದು 645 ಆಗುತ್ತದೆ ಅಷ್ಟೆ. 96 ಧಾರಾಳವಾಯಿತು. ಅದಕ್ಕಿಂತ ಕೆಳಗಿನದನ್ನು ಮಾತ್ರ ಕಡಿಮೆ ಬೆಲೆಗೆ ಸಿಕ್ಕಿತೆಂದು ತರಬೇಡಿ.

ಈಗ ಪ್ಲೈ ವಿಷಯ. 6 ಪ್ಲೈ, 8 ಪ್ಲೈ ಅಂದರೆ ಒಳಗೆ ಆರು ಅಥವಾ ಎಂಟು ಪದರ ಇದೆ ಎಂದಲ್ಲ. ಹಳೆಯ ಹತ್ತಿ ದಾರದ ಟೈರಿನ ಕಾಲದಿಂದ ಉಳಿದುಬಂದ ಅಳತೆಯದು. ಇವತ್ತಿನ ರೇಡಿಯಲ್ ಟೈರಿನ ಸೈಡ್‌ವಾಲ್‌ನಲ್ಲಿ, ಅಂದರೆ ಪಕ್ಕದ ಗೋಡೆಯಲ್ಲಿ, ಎರಡೋ ಮೂರೋ ಪದರ ಇದ್ದೀತು. ಆ ಸಂಖ್ಯೆ ನಿಜವಾಗಿ ಹೇಳುವುದು ಟೈರ್ ಎಷ್ಟು ಗಾಳಿ ತಡೆದುಕೊಂಡು ಎಷ್ಟು ಭಾರ ಹೊರುತ್ತದೆ ಎಂಬುದನ್ನು. 6 ಪ್ಲೈ, ಅಂದರೆ ಲೋಡ್ ರೇಂಜ್ ಸಿ, 50 ಪಿಎಸ್‌ಐವರೆಗೆ (ಪಿಎಸ್‌ಐ ಎಂಬುದು ಗಾಳಿಯ ಒತ್ತಡದ ಅಳತೆ). 8 ಪ್ಲೈ, ಅಂದರೆ ಡಿ, 65ರವರೆಗೆ.

ಹೆಚ್ಚಿನವರು ಎಡವುವುದು ಇಲ್ಲೇ. 215/75 ಆರ್15 ಅಳತೆಯಲ್ಲಿ ಕಾರಿನ ಮಾದರಿಯದೂ ಇದೆ, ಅಳತೆಯ ಮೊದಲಿಗೆ ಎಲ್‌ಟಿ (ಲೈಟ್ ಟ್ರಕ್, ಅಂದರೆ ಸಣ್ಣ ಟ್ರಕ್ಕಿನ ಟೈರ್) ಎಂದು ಬರೆದ 6 ಪ್ಲೈ ಕೂಡ ಇದೆ. ಎರಡರದ್ದೂ ಲೋಡ್ ಇಂಡೆಕ್ಸ್ 100, ಅಂದರೆ 800 ಕೆಜಿ. ಆದರೆ ಕಾರಿನದು ಆ 800ನ್ನು 35–36 ಪಿಎಸ್‌ಐಯಲ್ಲೇ ಹೊರುತ್ತದೆ, ಎಲ್‌ಟಿಗೆ 50 ಬೇಕು. ಹಾಗಾಗಿ ಹಳೆಯ ಟೈರಿಗೆ ಹಾಕುತ್ತಿದ್ದ 26 ಪಿಎಸ್‌ಐಯನ್ನೇ ಎಲ್‌ಟಿಗೂ ಹಾಕಿ ಓಡಿಸಿದರೆ, "ಗಟ್ಟಿ" ಟೈರು ಹೊರುವುದು ಕಡಿಮೆ! ಹೆದ್ದಾರಿಯಲ್ಲಿ ಸೈಡ್‌ವಾಲ್ ಮಡಚಿ ಮಡಚಿ ಬಿಸಿಯಾಗುತ್ತದೆ, ಅಂಚು ಬೇಗ ಸವೆಯುತ್ತದೆ. ಅದಕ್ಕೆ ಹೆದರಿ 45 ತುಂಬಿಸಿದರೆ ಈ ಹಗುರ ಗಾಡಿ ಕಲ್ಲಿನಿಂದ ಕಲ್ಲಿಗೆ ಹಾರುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ ಟೈರ್ ಅಪ್ಪಿ ಹಿಡಿಯಬೇಕು, ಹಾಗೆ ಹಿಡಿಯಲು ಅದು ಸ್ವಲ್ಪ ಬಾಗಬೇಕು. 8 ಪ್ಲೈ ನಿಮ್ಮ ಭಾರಕ್ಕೆ ಬಾಗುವುದೇ ಇಲ್ಲ.

ಹಾಗೆಂದು ಎಲ್‌ಟಿಗೆ ಕೆಲಸವೇ ಇಲ್ಲ ಎಂದಲ್ಲ. ಹಳೆಯ ಟೈರ್ ಬಿಚ್ಚಿದಾಗ ಸೈಡ್‌ವಾಲ್ ನೋಡಿ. ಕಲ್ಲಿನ ಅಂಚು ಕೊಯ್ದ ಗುರುತು, ಉಬ್ಬು ಇದ್ದರೆ ಎಲ್‌ಟಿ 215/75 ಆರ್15, 6 ಪ್ಲೈ ತೆಗೆದುಕೊಳ್ಳಬಹುದು. 5.5 ಇಂಚಿನ ನಿಮ್ಮ ರಿಮ್‌ಗೆ ಅದು ಕೂರುತ್ತದೆ. ಎತ್ತರ 693ರಿಂದ ಸುಮಾರು 703 ಮಿ.ಮೀ.ಗೆ ಏರುತ್ತದೆ, ಸ್ಪೀಡೋಮೀಟರ್ 80 ತೋರಿಸುವಾಗ ಓಟ 81ರ ಆಚೀಚೆ. ಹಾಕಿಸಿದ ಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಎಲ್ಲೂ ಉಜ್ಜುವುದಿಲ್ಲವೆಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಸೈಡ್‌ವಾಲ್ ಚೆನ್ನಾಗಿದ್ದು ಬರೀ ಟ್ರೆಡ್ (ನೆಲಕ್ಕೆ ತಾಗುವ ಭಾಗ) ಸವೆದಿದ್ದರೆ 195/80 ಆರ್15 96ರಲ್ಲೇ ಆಲ್-ಟೆರೇನ್, ಅಂದರೆ ಡಾಂಬರಿಗೂ ಕಚ್ಚಾ ದಾರಿಗೂ ಆಗುವ ಟೈರ್ ಸಾಕು.

ಎಲ್‌ಟಿ ಹಾಕಿಸಿದರೆ ಖಾಲಿ ಗಾಡಿಗೆ ತಣ್ಣಗಿರುವಾಗ 28–30 ಪಿಎಸ್‌ಐಯಿಂದ ಶುರು ಮಾಡಿ. ಟ್ರೆಡ್‌ಗೆ ಅಡ್ಡಲಾಗಿ ಸೀಮೆಸುಣ್ಣದ ದಪ್ಪ ಗೆರೆ ಎಳೆದು, ಒಣ ಕಾಂಕ್ರೀಟಿನ ಮೇಲೆ ನೆಟ್ಟಗೆ ನೂರು ಮೀಟರ್ ಓಡಿಸಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚಾಯಿತು, ಅಂಚು ಮಾತ್ರ ಅಳಿಸಿದ್ದರೆ ಕಡಿಮೆ. ಲೋಡ್ ಹಾಕಿದ ದಿನ ಇನ್ನೊಂದು ಪರೀಕ್ಷೆ: ಅರ್ಧ ಗಂಟೆ ಓಡಿಸಿ ಕೂಡಲೇ ಗಾಳಿ ನೋಡಿ. ಎಲ್‌ಟಿಯಲ್ಲಿ ಆರು, ಕಾರಿನ ಟೈರಿನಲ್ಲಿ ನಾಲ್ಕು ಪಿಎಸ್‌ಐಗಿಂತ ಹೆಚ್ಚು ಏರಿದ್ದರೆ ಹೊರಡುವಾಗಲೇ ಗಾಳಿ ಸಾಲದಿತ್ತು. ಬಿಸಿಯಲ್ಲಿ ಏರಿದ ಗಾಳಿಯನ್ನು ಹೊರಗೆ ಬಿಡಬೇಡಿ, ಮರುದಿನ ಬೆಳಿಗ್ಗೆ ಎರಡು ಪಿಎಸ್‌ಐ ಹೆಚ್ಚು ಹಾಕಿ.

ಪ್ರಶ್ನೆ: ಟೈರಿನಲ್ಲಿ 100/97ಕ್ಯೂ ಎಂದಿದೆ. ಎರಡು ಸಂಖ್ಯೆ ಯಾಕೆ? ನಾಲ್ಕು ಹೊಸತು ಹಾಕಿಸಿ ಸ್ಟೆಪ್ನಿ ಹಳೆಯ ಅಳತೆಯದೇ ಇಟ್ಟರೆ ನಡೆಯುತ್ತದೆಯೇ?
– ಓದುಗರು, ಸುರತ್ಕಲ್

ಉತ್ತರ: ಎರಡನೆಯದು ಲಾರಿಯ ಹಾಗೆ ಹಿಂದೆ ಜೋಡಿ ಚಕ್ರ ಇರುವ ಗಾಡಿಗೆ: ಆಗ ಒಂದೊಂದು ಟೈರಿಗೆ 730 ಕೆಜಿ. ನಿಮಗೆ ಮೊದಲನೆಯದೇ ಲೆಕ್ಕ. ಕ್ಯೂ ಅಂದರೆ 160 ಕಿ.ಮೀ. ವೇಗದ ಮಿತಿ.

ಸ್ಟೆಪ್ನಿ ಬೇರೆ ಅಳತೆಯದಾದರೆ ಪಂಚರ್ ಅಂಗಡಿಯವರೆಗೆ ಟೂ-ವೀಲ್‌ನಲ್ಲಿ ನಿಧಾನ ಹೋಗಬಹುದು. ಫೋರ್-ವೀಲ್ ಹಾಕಬೇಡಿ. ಜಿಮ್ನಿಯಂಥ ಗಾಡಿಗಳಲ್ಲಿ ಫೋರ್-ವೀಲ್ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್ ಬಿಗಿಯಾಗಿ ಸೇರಿಕೊಳ್ಳುವುದರಿಂದ, ಒಂದು ಚಕ್ರ ಚಿಕ್ಕದಿದ್ದರೂ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಎಂಜಿನ್ನಿನ ಬಲ ಹಂಚುವ ಗೇರ್‌ಪೆಟ್ಟಿಗೆ) ಎಳೆದಾಟಕ್ಕೆ ಸಿಕ್ಕಿಬೀಳುತ್ತದೆ; ಲಿವರ್ ಟೂ-ವೀಲ್‌ಗೆ ವಾಪಸ್ ಬರಲು ಕೇಳುವುದಿಲ್ಲ. ಐದನೆಯದನ್ನೂ ಒಟ್ಟಿಗೇ ಕೊಳ್ಳಿ. ಬಿಲ್ ಮಾಡಿಸುವ ಮೊದಲು ಐದರ ಮೇಲೂ ತಯಾರಿಕೆಯ ನಾಲ್ಕು ಅಂಕಿ ನೋಡಿ: 2324 ಎಂದಿದ್ದರೆ 2024ರ 23ನೇ ವಾರ.