ಉಪ್ಪಿನಕಾಯಿ ಅಂಗಡಿಯ ವೆಬ್‌ಸೈಟಿಗೆ ಇಮೇಲ್ ಫಾರ್ಮ್ ಹಾಕುವುದು ಹೇಗೆ?

ಶಿರಸಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ ಮಾರುವ ನಿಮ್ಮ ವೆಬ್‌ಸೈಟಿನಲ್ಲಿ ಗ್ರಾಹಕರ ಇಮೇಲ್ ಪಡೆಯುವ ಫಾರ್ಮ್ ಹಾಕುವುದು ಹೇಗೆ ಎಂದು ಕೇಳಿದ್ದೀರಿ. ಕೆಲಸ ಸುಲಭ. ಒಟ್ಟಿಗೆ ಹಲವರಿಗೆ ಇಮೇಲ್ ಕಳಿಸುವ ಸೇವೆಗಳಾದ ಮೇಲ್‌ಚಿಂಪ್ ಅಥವಾ ಬ್ರೆವೋದಲ್ಲಿ ಖಾತೆ ತೆರೆದು ಅಲ್ಲೇ ಫಾರ್ಮ್ ಮಾಡಿ. ಅದು ಕೊಡುವ ಕೋಡನ್ನು ನಿಮ್ಮ ಪುಟದಲ್ಲಿ ಅಂಟಿಸಿ. ನಿಮ್ಮ ವೆಬ್‌ಸೈಟ್ ವರ್ಡ್‌ಪ್ರೆಸ್‌ನಲ್ಲಿ ಮಾಡಿದ್ದಾದರೆ ಕಸ್ಟಮ್ ಎಚ್‌ಟಿಎಂಎಲ್ ಬ್ಲಾಕಿನಲ್ಲಿ ಹಾಕಿ.

ಫಾರ್ಮಿನಲ್ಲಿ ಏನು ಕೇಳುತ್ತೀರಿ ಅನ್ನುವುದೇ ಮುಖ್ಯ. ಇಮೇಲ್ ಒಂದೇ ಸಾಕು. ಫೋನ್, ಊರು, ಹುಟ್ಟಿದ ದಿನ ಅಂತ ಸುಮ್ನೆ ಉದ್ದ ಮಾಡಿದರೆ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ. "ನಮ್ಮ ಸುದ್ದಿ ಪಡೆಯಿರಿ" ಅನ್ನುವ ಬದಲು "ಹೊಸ ಮಿಡಿ ಉಪ್ಪಿನಕಾಯಿ ಬಂದ ಕೂಡಲೇ ತಿಳಿಸುತ್ತೇವೆ, ತಿಂಗಳಿಗೆ ಒಂದೇ ಮೇಲ್" ಎಂದು ಬರೆಯಿರಿ. ಬೆಂಗಳೂರಿನಲ್ಲಿರುವ ನಮ್ಮೂರಿನವರಿಗೆ ಬೇಕಿರುವುದು ಅದೇ, ಅಲ್ವಾ?

ಡಬಲ್ ಆಪ್ಟ್-ಇನ್ ಆನ್ ಮಾಡಿ. ವಿಳಾಸ ಕೊಟ್ಟವರಿಗೆ ಒಂದು ಮೇಲ್ ಹೋಗುತ್ತದೆ, ಅದರ ಲಿಂಕ್ ಒತ್ತಿದವರು ಮಾತ್ರ ಪಟ್ಟಿಗೆ ಸೇರುತ್ತಾರೆ. ತಪ್ಪು ವಿಳಾಸಗಳು ಹೊರಗೇ ಉಳಿಯುತ್ತವೆ.

ಕಳಿಸುವ ವಿಳಾಸ ನಿಮ್ಮ ಡೊಮೇನಿನದೇ (ವೆಬ್‌ಸೈಟಿನ ಹೆಸರಿನದೇ) ಇರಲಿ. ಅದರ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನಿನ ಸೆಟ್ಟಿಂಗ್‌ನಲ್ಲಿ, ಎಸ್‌ಪಿಎಫ್, ಡಿಕೆಐಎಂ ಎಂಬ ದಾಖಲೆಗಳನ್ನು ಸೇರಿಸಿ; ಮೇಲ್ ನಿಜಕ್ಕೂ ನಿಮ್ಮಿಂದಲೇ ಬಂದದ್ದು ಎಂದು ಇವು ತೋರಿಸುತ್ತವೆ. ಜಿಮೇಲ್ 2024ರ ಫೆಬ್ರವರಿಯಿಂದ ಈ ತಪಾಸಣೆಯನ್ನು ಬಿಗಿ ಮಾಡಿದೆ. ಇಲ್ಲದಿದ್ದರೆ ಮೇಲ್ ಸ್ಪ್ಯಾಮ್‌ಗೆ ಹೋಗುವ ಸಾಧ್ಯತೆ ಜಾಸ್ತಿ.

ಆದರೆ ಹಳೆಯ ಆರ್ಡರ್‌ಗಳಲ್ಲಿರುವ ವಿಳಾಸಗಳನ್ನು ಆ ಗ್ರಾಹಕರ ಒಪ್ಪಿಗೆ ಕೇಳದೆ ಈ ಪಟ್ಟಿಗೆ ಸೇರಿಸಬೇಡಿ.