ಬೇಳೆ ಕೊಟ್ಟರೆ ಅದು ಲಂಚವೇ?

ಮಾನ್ಯ ಓದುಗರೇ,

ಬಡ ದೇಶಗಳ ಅಭಿವೃದ್ಧಿ ಯೋಜನೆಗಳಲ್ಲಿ ವರ್ತನಾ ಅರ್ಥಶಾಸ್ತ್ರದ (ಜನ ನಿಜಕ್ಕೂ ಹೇಗೆ ನಿರ್ಧಾರ ಮಾಡುತ್ತಾರೆ ಎಂಬುದನ್ನು ನೋಡುವ ಅರ್ಥಶಾಸ್ತ್ರದ) ಬಳಕೆ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ನೀವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ಮಗುವಿಗೆ ಲಸಿಕೆ ಹಾಕಿಸಿದ ತಾಯಿಗೆ ಬೇಳೆ ಕೊಡುವುದು ಬಡವರನ್ನು ತಿಳಿಗೇಡಿಗಳೆಂದು ಬಗೆದು ಕೊಡುವ ಲಂಚ ಎಂಬುದು ಒಂದು. ಕೆಲಸ ಮಾಡದ ಸರ್ಕಾರಕ್ಕೆ ಇಂಥ ಉಪಾಯಗಳು ಒಳ್ಳೆಯ ನೆಪ ಎಂಬುದು ಇನ್ನೊಂದು. ಎರಡನೆಯದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಮೊದಲನೆಯದನ್ನು ಒಪ್ಪಲಾರೆ.

ಲೇಖನದಲ್ಲಿ ಪ್ರಸ್ತಾಪವಾದ ಪ್ರಯೋಗವನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಸೇವಾ ಮಂದಿರ ಎಂಬ ಸ್ವಯಂಸೇವಾ ಸಂಸ್ಥೆಯೊಡನೆ ರಾಜಸ್ಥಾನದ ಉದಯಪುರ ಸೀಮೆಯ 134 ಹಳ್ಳಿಗಳಲ್ಲಿ ನಡೆಸಿ, 2010ರಲ್ಲಿ ಪ್ರಕಟಿಸಿದರು. ಹೊಸದೇನನ್ನೂ ಮಾಡದ ಹಳ್ಳಿಗಳಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳು ಶೇ. 6ರಷ್ಟಿದ್ದರೆ, ತಿಂಗಳಿಗೊಮ್ಮೆ ತಪ್ಪದೆ ಶಿಬಿರ ನಡೆದ ಕಡೆ ಶೇ. 18ರಷ್ಟಿದ್ದರು, ಶಿಬಿರದ ಜೊತೆಗೆ ಪ್ರತಿ ಸಲ ಒಂದು ಕಿಲೋ ಬೇಳೆ, ಎಲ್ಲ ಲಸಿಕೆ ಮುಗಿದಾಗ ಊಟದ ತಟ್ಟೆಗಳನ್ನು ಕೊಟ್ಟ ಕಡೆ ಶೇ. 39ರಷ್ಟಿದ್ದರು. ಆದರೆ ಮೊದಲ ಚುಚ್ಚುಮದ್ದಿಗೆ ಬಂದವರ ಪ್ರಮಾಣದಲ್ಲಿ ಬೇಳೆ ಕೊಟ್ಟ ಮತ್ತು ಕೊಡದ ಶಿಬಿರಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅಂದರೆ, ಲಸಿಕೆಯನ್ನು ನಂಬದವರ ಮನಸ್ಸನ್ನು ಬೇಳೆ ಖರೀದಿಸಲಿಲ್ಲ. ಒಂದೆರಡು ಸಲ ಬಂದು, ಆ ದಿನದ ಕೂಲಿ ತಪ್ಪುವುದನ್ನು ನೆನೆದು ಮುಂದಿನ ತಿಂಗಳು ನೋಡೋಣವೆಂದು ಬಿಟ್ಟುಬಿಡುತ್ತಿದ್ದವರನ್ನು ಕೊನೆಯ ಲಸಿಕೆಯವರೆಗೆ ಕರೆತಂದಿತು. ಹೀಗೆ ಮುಂದೂಡುವುದು ಬಡವರಿಗಷ್ಟೇ ಇರುವ ಗುಣವಲ್ಲ. ಸಂಬಳದಾರರಾದ ನಮ್ಮ ಭವಿಷ್ಯ ನಿಧಿ ಹಣ ಕೈಸೇರುವ ಮೊದಲೇ ಕಡಿತವಾಗುತ್ತದೆ. ಅದನ್ನು ನಾವು ಅವಮಾನವೆಂದು ತಿಳಿದದ್ದಿಲ್ಲ. ದುಂದುವೆಚ್ಚದ ಮಾತಿಗೂ ಇಲ್ಲಿ ಆಸ್ಪದವಿಲ್ಲ: ಮಕ್ಕಳು ಬಂದರೂ ಬಾರದಿದ್ದರೂ ದಾದಿಯ ಸಂಬಳದ ಖರ್ಚು ಇದ್ದೇ ಇರುವುದರಿಂದ, ಪೂರ್ಣ ಲಸಿಕೆ ಪಡೆದ ಪ್ರತಿ ಮಗುವಿನ ಮೇಲಿನ ವೆಚ್ಚ ಬೇಳೆಯಿಲ್ಲದ ಶಿಬಿರಗಳಲ್ಲಿ ಸುಮಾರು 56 ಡಾಲರ್ ಆದರೆ, ಬೇಳೆ ಕೊಟ್ಟಲ್ಲಿ 28 ಡಾಲರ್ ಆಯಿತು.

ಇನ್ನು ನಿಮ್ಮ ಎರಡನೆಯ ಆಕ್ಷೇಪ. ಸರ್ಕಾರವೇ ಮನಸ್ಸು ಮಾಡದಿದ್ದರೆ ಯಾವ ಉಪಾಯವೂ ನಿಲ್ಲದು ಎಂಬುದಕ್ಕೆ ಅಲ್ಲಿಯದೇ ಉದಾಹರಣೆಯಿದೆ. ಅದೇ ಜಿಲ್ಲೆಯಲ್ಲಿ ಮೊದಲೊಮ್ಮೆ ನಡೆದ ಸಮೀಕ್ಷೆಯ ಪ್ರಕಾರ, ಸರ್ಕಾರಿ ಆರೋಗ್ಯ ಉಪಕೇಂದ್ರಗಳು ಕೆಲಸದ ವೇಳೆಯಲ್ಲಿಯೇ ಅರ್ಧಕ್ಕಿಂತ ಹೆಚ್ಚು ಸಲ ಮುಚ್ಚಿರುತ್ತಿದ್ದವು. ದಾದಿಯರ ಹಾಜರಿಯನ್ನು ಸಮಯ ಮುದ್ರಿಸುವ ಯಂತ್ರದಿಂದ ದಾಖಲಿಸಿ, ಗೈರಾದರೆ ಸಂಬಳ ಕಡಿತ ಮಾಡುವ ವ್ಯವಸ್ಥೆಯನ್ನು ಸೇವಾ ಮಂದಿರದ ನೆರವಿನಿಂದಲೇ ಅಲ್ಲಿ ತರಲಾಯಿತು. ಮೊದಲ ಕೆಲವು ತಿಂಗಳು ಹಾಜರಿ ಗಣನೀಯವಾಗಿ ಏರಿತು. ಆಮೇಲೆ ಆರೋಗ್ಯ ಆಡಳಿತವೇ ದಾದಿಯರಿಗೆ ಹೆಚ್ಚು ಹೆಚ್ಚು ‘ವಿನಾಯಿತಿ ದಿನ’ಗಳನ್ನು (ಕೇಂದ್ರಕ್ಕೆ ಬಾರದಿದ್ದರೂ ಗೈರೆಂದು ಎಣಿಸದ ದಿನಗಳನ್ನು) ಕೊಡತೊಡಗಿತು, 16 ತಿಂಗಳು ಕಳೆಯುವಷ್ಟರಲ್ಲಿ ಯಂತ್ರವಿದ್ದ ಮತ್ತು ಇಲ್ಲದ ಕೇಂದ್ರಗಳಿಗೆ ಯಾವ ವ್ಯತ್ಯಾಸವೂ ಉಳಿದಿರಲಿಲ್ಲ. ಲೇಖನದಲ್ಲಿ ಬೇಳೆಯ ಪ್ರಯೋಗಕ್ಕೆ ಸಿಕ್ಕಷ್ಟೇ ಜಾಗ 2008ರಲ್ಲಿ ಪ್ರಕಟವಾದ ಈ ವರದಿಗೂ ಸಿಗಬೇಕಿತ್ತು ಎಂಬ ನಿಮ್ಮ ಮಾತು ನ್ಯಾಯವಾದದ್ದು.

— ಸಂ.